ಗುರುತಿಲ್ಲದ ಅಂಗಿಗಳು

"ಕಾರಣ ಹೇಳಿ ಮೇಡಂ. ಸುಮ್‌ಸುಮ್ನೆ ನನ್ನ ಹುಡುಗರನ್ನ ಗೇಟ್ ದಾಟಿಸಿ ಆ ಕಡೆ ಕಳ್ಸೋಕಾಗಲ್ಲ," ಎಂದ ಸ್ಪ್ಯಾನರ್.

ಬೈಕೊಂದರ ಎಂಜಿನ್ ಬಿಚ್ಚಿ ಹರಡಿಕೊಂಡು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಅವನ ಗ್ಯಾರೇಜಿನ ಜಿಡ್ಡು ಹಿಡಿದ ಸ್ಟೂಲಿನ ಮೇಲೆ ಕೂತಿದ್ದೆ. ಯೂನಿಫಾರ್ಮ್ ಹಾಕಿದ ಸಬ್ ಇನ್‌ಸ್ಪೆಕ್ಟರ್ ಒಬ್ಬಳು ಪುಂಡರ ಯಜಮಾನನ ಮುಂದೆ ಕೈಯೊಡ್ಡಿ ಕೂರುವುದೆಂದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಆದರೆ ಪೆಡಲ್ ಕಾಣೆಯಾಗಿ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ನನಗೆ ನಾಚಿಕೆಪಡಲು ಪುರುಸೊತ್ತಿರಲಿಲ್ಲ.

ಪೆಡಲ್ ಎಂದರೆ ರೈಲ್ವೆ ಗೇಟಿನ ಪಕ್ಕದ ಇಸ್ತ್ರಿ ಅಂಗಡಿಯ ಅಮ್ಮನ ಒಬ್ಬನೇ ಮಗ. ಹತ್ತೊಂಬತ್ತು ತುಂಬಿದ ಹುಡುಗ. ಸೈಕಲ್ಲಿನ ಹಿಂದೆ ಬಟ್ಟೆ ಗಂಟು ಕಟ್ಟಿಕೊಂಡು ಮನೆಮನೆಗೆ ತಲುಪಿಸುವವನು. ಗೇಟಿನ ಈ ಕಡೆ ಸ್ಪ್ಯಾನರ್‌ನ ಕೆಂಪು ಅಂಗಿಯವರ ರಾಜ್ಯ, ಆ ಕಡೆ ಕಪ್ಪು ಅಂಗಿಯವರ ರಾಜ್ಯ. ಎರಡೂ ಕಡೆ ಹೆದರದೆ ಓಡಾಡುತ್ತಿದ್ದ ಹುಡುಗನೆಂದರೆ ಅವನೊಬ್ಬನೇ.

"ಅವನನ್ನ ಬೈಕ್ ಮೇಲೆ ಕೂರಿಸ್ಕೊಂಡು ಹೋಗಿದ್ದು ಇಬ್ಬರು ಕಪ್ಪು ಅಂಗಿಯವರು. ಗೇಟ್ ಕಾಯೋನು ಕಣ್ಣಾರೆ ನೋಡಿದಾನೆ," ಎಂದೆ. "ಅವರ ಯಜಮಾನ ಯಾರು, ಎಲ್ಲಿರ್ತಾನೆ, ನಂಗೆ ಗೊತ್ತಿಲ್ಲ. ನಿಂಗೆ ಗೊತ್ತಿರುತ್ತೆ. ಅವರನ್ನ ಕಂಡ್ರೆ ನಿಂಗೆ ಆಗಲ್ಲ. ಅದಕ್ಕೇ ಬಂದೆ."

"ಅವರ ಯಜಮಾನನ ಮುಖ ನಾನೂ ನೋಡಿಲ್ಲ. ಅಣ್ಣ ಅಂತಾರೆ, ಅಷ್ಟೇ." ಸ್ಪ್ಯಾನರ್ ನಟ್ಟೊಂದನ್ನು ಬಟ್ಟೆಯಲ್ಲಿ ಉಜ್ಜಿದ. "ಆದ್ರೂ ಇಸ್ತ್ರಿ ಹಂಚೋ ಹುಡುಗನ್ನ ಯಾಕೆ ಎತ್ತಾಕ್ಕೊಂಡು ಹೋಗ್ತಾರೆ? ಷರಟು ಸುಟ್ಟಿದ್ನಾ?"

ಅವನ ಎಡಗೈ ಬಲಗೈಗಿಂತ ಚಿಕ್ಕದು. ಚಿಕ್ಕಂದಿನಲ್ಲಿ ಮುರಿದದ್ದು ಸೊಟ್ಟಗೆ ಕೂಡಿಕೊಂಡಿತ್ತಂತೆ. ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿದ್ದ ಅವನ ಕೆಂಪು ಅಂಗಿಗೂ ಎಡತೋಳನ್ನು ಮೂರು ಬೆರಳಷ್ಟು ಮಡಿಚಿ ಹೊಲಿಸಲಾಗಿತ್ತು. ಗರಿಗರಿ ಇಸ್ತ್ರಿ, ಜೇಬಿನ ನಡುವೆ ಒಂದು ಅಡ್ಡ ಮಡಿಕೆ. ಸುತ್ತ ಎಲ್ಲ ಮಸಿ ಹಿಡಿದ ಜಾಗದಲ್ಲಿ ಅದೊಂದೇ ಮದುವೆ ಗಂಡಿನ ಹಾಗೆ ನಿಂತಿತ್ತು.

ನಾನು ಹೇಳಬಾರದಿತ್ತು. ಯಾರಿಗೂ ಹೇಳಬಾರದೆಂದು ಟ್ರೈನಿಂಗಿನಲ್ಲಿ ತಲೆಗೆ ಹೊಡೆದು ಹೇಳಿಕೊಟ್ಟಿದ್ದರು. ಆದರೆ ಶತ್ರುವಿನ ಶತ್ರುವನ್ನು ಬಿಟ್ಟು ನನಗೆ ಆ ಹೊತ್ತಿಗೆ ಬೇರೆ ಯಾರಿದ್ದರು?

"ಅವನು ನಂಗೆ ಸುದ್ದಿ ಕೊಡ್ತಿದ್ದ," ಎಂದೆ. "ಮೂರು ತಿಂಗಳಿಂದ. ಅವರಿಗೆ ಅದರ ವಾಸನೆ ಬಡಿದಿರ್ಬೇಕು. ಖಾತ್ರಿ ಆದ್ರೆ ಜೀವಸಹಿತ ಬಿಡಲ್ಲ. ಅಷ್ಟರೊಳಗೆ ಹುಡುಕ್ಬೇಕು."

ಸ್ಪ್ಯಾನರ್ ಸ್ವಲ್ಪ ಹೊತ್ತು ನಟ್ಟನ್ನೇ ಉಜ್ಜಿದ. ಆಮೇಲೆ ಅದನ್ನು ಜೋಪಾನವಾಗಿ ತಟ್ಟೆಯಲ್ಲಿಟ್ಟ.

"ಹಂಗಾ ವಿಷಯ," ಎಂದ. "ನೀವು ನನ್ನ ನಂಬಿ ಹೇಳಿದ್ರಲ್ಲ ಮೇಡಂ, ದೊಡ್ಡ ಮಾತು. ಸಂಜೆಯೊಳಗೆ ಒಂದು ದಾರಿ ಮಾಡ್ತೀನಿ. ಟೀ ಕುಡಿದು ಹೋಗಿ."

ಕುಡಿದೆ. ಎರಡು ದಿನದಲ್ಲಿ ಮೊದಲ ಸಲ ನಾಲಿಗೆಗೆ ರುಚಿ ಗೊತ್ತಾಯಿತು.

* * *

ಬೀದಿಯ ಜನ ನನಗೆ ಇಟ್ಟ ಹೆಸರು ಲೆಕ್ಕದ ಮೇಡಂ. ಈ ಬಡಾವಣೆಯಲ್ಲಿ ಪುಂಡರ ಗುಂಪು ಎಷ್ಟಿವೆ, ಯಾವ ಬೀದಿಯಿಂದ ಯಾವ ಬೀದಿಯವರೆಗೆ ಅವರ ಹಿಡಿತ, ಒಟ್ಟು ಹುಡುಗರೆಷ್ಟು ಎಂದು ಅಂದಾಜು ಮಾಡಲು ನನ್ನನ್ನು ಹಾಕಿದ್ದರು. ಸ್ಟೇಷನ್ನಿನ ಗೋಡೆಯ ಮೇಲೆ ನಾನೇ ಅಂಟಿಸಿದ ದೊಡ್ಡ ನಕ್ಷೆ. ಕೆಂಪು ಅಂಗಿ ಕಂಡ ಕಡೆ ಕೆಂಪು ಪಿನ್ನು, ಕಪ್ಪು ಅಂಗಿ ಕಂಡ ಕಡೆ ಕಪ್ಪು ಪಿನ್ನು. ಬಿಸಿಲಲ್ಲಿ ಸುತ್ತಿ ಸುತ್ತಿ ಚಪ್ಪಲಿ ಸವೆಸಿ ಮಾಡಿದ ಕೆಲಸ. ನೋಡಿದವರೆಲ್ಲ ಭೇಷ್ ಅಂದಿದ್ದರು. ಪೆಡಲ್ ಒಬ್ಬ ಮಾತ್ರ ಅದರ ಫೋಟೋ ನೋಡಿ ನಕ್ಕಿದ್ದ.

"ನಾಳೆ ಸಿಕ್ಕಾಗ ಒಂದು ಮಾತು ಹೇಳ್ತೀನಿ ಮೇಡಂ. ನಿಮ್ಮ ಈ ಮ್ಯಾಪೇ ತಲೆಕೆಳಗಾಗುತ್ತೆ."

ಆ ನಾಳೆ ಅವನು ಬರಲಿಲ್ಲ.

ಗ್ಯಾರೇಜಿನಿಂದ ಹೊರಗೆ ಬರುತ್ತಿದ್ದಂತೆ ಸಾಹೇಬರ ಫೋನು. "ನಿಮ್ಮ ಅಂದಾಜು ಇವತ್ತೇ ಬೇಕಮ್ಮ. ಎಷ್ಟು ಗ್ಯಾಂಗು? ಒಂದು ಮಾತಲ್ಲಿ ಹೇಳಿ."

"ಎರಡು ಸಾರ್. ಆದ್ರೆ ಒಬ್ಬ ಹುಡುಗ ಕಾಣ್ತಿಲ್ಲ. ನಾಲ್ಕು ಜನ ಪೊಲೀಸರನ್ನ ಕೊಡಿ, ಆ ಕಡೆಯ ಬೀದಿ ಪೂರ್ತಿ ಜಾಲಾಡ್ತೀನಿ."

"ಕಂಪ್ಲೇಂಟ್ ಕೊಟ್ಟಿದಾರಾ?"

ಕೊಟ್ಟಿರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿದ್ದದ್ದು. ನಿನ್ನೆ ನಾನೇ ಹೋಗಿ ಕೇಳಿದಾಗ ಪೆಡಲ್‌ನ ಅಮ್ಮ ಕೈಮುಗಿದು ಹೇಳಿದ್ದು ಒಂದೇ ಮಾತು: "ಹುಡುಕ್ಬೇಡಿ ಮೇಡಂ. ಬರ್ತಾನೆ." ಹೆದರಿಕೆಗೆ ಹಾಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಹೆತ್ತವಳು ಮಗನನ್ನು ಹುಡುಕಬೇಡಿ ಎನ್ನಬೇಕಾದರೆ ಎಂಥ ಹೆದರಿಕೆ ಇರಬೇಕು ಎಂದು ಮರುಕಪಟ್ಟಿದ್ದೆ.

"ಕಂಪ್ಲೇಂಟ್ ಇಲ್ಲದೆ ಜನ ಕೊಡೋಕಾಗಲ್ಲ," ಎಂದು ಸಾಹೇಬರು ಫೋನಿಟ್ಟರು.

ರೈಲ್ವೆ ಗೇಟಿನ ಹತ್ತಿರ ನಮ್ಮ ದಫೇದಾರರು ಕಾಯುತ್ತಿದ್ದರು. ನಿವೃತ್ತಿ ಹತ್ತಿರವಿರುವ ಮನುಷ್ಯ, ಬಾಯಿ ಸುಮ್ಮನಿರುವುದಿಲ್ಲ. ಇವತ್ತು ಮಾತ್ರ ತುಟಿ ಬಿಚ್ಚದೆ ಒಂದು ಪ್ಲಾಸ್ಟಿಕ್ ಚೀಲ ಮುಂದೆ ಹಿಡಿದರು. ಒಳಗೆ ಕಪ್ಪು ಅಂಗಿ. ಒಂದು ಪಕ್ಕ ಉದ್ದಕ್ಕೆ ಹರಿದಿತ್ತು. ಹರಿದ ಅಂಚಿಗೆ ಕಂದು ಬಣ್ಣದ ಕಲೆ.

"ಹಳಿ ಪಕ್ಕದ ಪೊದೆಯಲ್ಲಿ ಬಿದ್ದಿತ್ತು ಮೇಡಂ," ಎಂದರು. "ಅವತ್ತು ಅವನ ಮೈಮೇಲೂ ಕಪ್ಪು ಅಂಗಿ ಇತ್ತಂತೆ. ಇದು ಅವನದೇನಾದ್ರೂ..."

"ಸುಮ್ನಿರಿ," ಎಂದೆ. ಚೀಲ ಕಿತ್ತುಕೊಂಡು ಇಸ್ತ್ರಿ ಅಂಗಡಿಯ ಕಡೆ ಹೆಜ್ಜೆ ಹಾಕಿದೆ.

* * *

ಇಸ್ತ್ರಿ ಅಂಗಡಿ ಗೇಟಿನ ಪಕ್ಕದ ಮೇಲ್ಸೇತುವೆಯ ಕಾಲಬುಡದಲ್ಲಿದೆ. ಮುಂಬಾಗಿಲು ಈ ಕಡೆಯ ರಸ್ತೆಗೆ, ಹಿಂಬಾಗಿಲು ಹಳಿ ದಾಟಿ ಆ ಕಡೆಗೆ ಹೋಗುವ ಓಣಿಗೆ. ಒಗೆಯುವುದು ಹಿಂದೆ, ಇಸ್ತ್ರಿ ಮಾಡುವುದು ಮುಂದೆ. ಬಡಾವಣೆಯ ಅರ್ಧದಷ್ಟು ಬಟ್ಟೆ ಇಲ್ಲಿಗೇ ಬರುತ್ತದೆ, ನನ್ನ ಯೂನಿಫಾರ್ಮೂ ಸೇರಿ.

ಇಸ್ತ್ರಿಯಮ್ಮ ಯಾವುದೋ ಮಗುವಿನ ಶಾಲೆಯ ಅಂಗಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ಒಲೆ ಹಚ್ಚಿದ ಗುರುತೇ ಇರಲಿಲ್ಲ. ನನ್ನ ಕೈಯ ಚೀಲ ನೋಡಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಅಮ್ಮ, ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೊಳ್ಳಿ. ಇದನ್ನ ಒಂದ್ಸಲ ನೋಡ್ಬೇಕು," ಎಂದೆ.

ಅಂಗಿಯನ್ನು ತೆಗೆದುಕೊಂಡಳು. ಕಲೆಯನ್ನು ನೋಡಲಿಲ್ಲ. ಹರಿದದ್ದನ್ನೂ ನೋಡಲಿಲ್ಲ. ಮೊದಲು ಕಾಲರ್ ತಿರುಗಿಸಿ ಒಳಗೆ ನೋಡಿದಳು. ಆಮೇಲೆ ಬಲ ಮೊಣಕೈ ಹತ್ತಿರ ಬೆರಳಾಡಿಸಿದಳು. ಉಸಿರು ಬಿಟ್ಟಳು.

"ನನ್ನ ಮಗಂದಲ್ಲ. ಅವಂದಕ್ಕೆ ಮೊಣಕೈ ಹತ್ರ ನಾನೇ ತೇಪೆ ಹಾಕಿದೀನಿ."

"ಮತ್ತೆ ಈ ರಕ್ತ?" ದಫೇದಾರರು ಕೇಳಿದರು.

"ರಕ್ತ ಅಲ್ಲ ಸ್ವಾಮಿ, ತುಕ್ಕು. ರಕ್ತ ಒಣಗಿದ್ರೆ ಬಟ್ಟೆ ಬಿರುಸಾಗುತ್ತೆ. ಇದು ಮೆತ್ತಗಿದೆ ನೋಡಿ. ತಂತಿಬೇಲಿಗೆ ಸಿಕ್ಕಿ ಹರಿದಿರೋದು."

ದಫೇದಾರರು ಹಣೆ ಒರೆಸಿಕೊಂಡು ಬಾಗಿಲ ಬಳಿಯ ಬೆಂಚಿನ ಮೇಲೆ ಕುಸಿದರು. ಅವರ ಬಾಯಿಗೆ ಜೀವ ಬಂತು. "ಅಂತೂ ಈ ಪುಂಡರಿಗೆ ಬೇರೆ ಏನಿಲ್ಲದಿದ್ರೂ ಇಸ್ತ್ರಿ ಮಾತ್ರ ಭರ್ಜರಿ ಮೇಡಂ. ನಮ್ಮನೆಯವಳಿಗೆ ತೋರಿಸ್ಬೇಕು ಇದನ್ನ."

ನನಗೆ ನಗು ಬರಲಿಲ್ಲ. ಆ ಅಂಗಿಯ ಜೇಬಿನ ನಡುವೆ ಒಂದು ಅಡ್ಡ ಮಡಿಕೆ ಇತ್ತು.

ಅದೇ ಮಡಿಕೆ ನನ್ನ ಯೂನಿಫಾರ್ಮಿಗೂ ಇದೆ. ಇಸ್ತ್ರಿಯಮ್ಮನ ಕೈ ಹಾಗೇ ಮಡಿಚಿ ರೂಢಿ. ಪರೇಡಿನಲ್ಲಿ ಸಾಹೇಬರ ಹತ್ತಿರ ಅದಕ್ಕಾಗಿ ಒಂದು ಸಲ ಬೈಸಿಕೊಂಡಿದ್ದೇನೆ ಕೂಡ. ಅದೇ ಮಡಿಕೆಯನ್ನು ಬೆಳಿಗ್ಗೆ ಇನ್ನೊಂದು ಕಡೆಯೂ ನೋಡಿದ್ದೆ. ಸ್ಪ್ಯಾನರ್‌ನ ಮೊಳೆಯ ಮೇಲೆ.

"ಈ ಅಂಗಿ ಇಲ್ಲೇ ಇಸ್ತ್ರಿ ಆಗಿದೆ ಅಲ್ವಾ ಅಮ್ಮ?"

"ಇಲ್ಲ ಮೇಡಂ. ನಮ್ಮಲ್ಲಿಗೆ ಬಂದ ಬಟ್ಟೆಯಾಗಿದ್ರೆ ಕಾಲರ್ ಒಳಗೆ ಗುರುತು ಇರ್ತಿತ್ತು. ಇದ್ರಲ್ಲಿ ಎಲ್ಲಿದೆ?"

ಇರಲಿಲ್ಲ, ನಿಜ. ಇಲ್ಲಿಗೆ ಬರುವ ಬಟ್ಟೆಗೆಲ್ಲ ನೀರಿಗೆ ಹೋಗದ ಶಾಯಿಯಲ್ಲಿ ಗುರುತು ಬೀಳುತ್ತದೆ. ಮನೆಗೊಂದು ಗುರುತು, ಒಬ್ಬರದು ಒಬ್ಬರಿಗೆ ಹೋಗಬಾರದಲ್ಲ. ನನ್ನದು ಎರಡು ಗೆರೆ, ಒಂದು ಚುಕ್ಕೆ. ಸುಮ್ಮನೆ ನನ್ನ ಕಾಲರನ್ನು ಮುಟ್ಟಿ ನೋಡಿಕೊಂಡೆ. ಮಡಿಕೆ ಇಲ್ಲಿಯದು. ಗುರುತು ಮಾತ್ರ ಇಲ್ಲ.

ಒಳಗಿನ ಹಗ್ಗದ ಮೇಲೆ ಇಸ್ತ್ರಿಯಮ್ಮನ ಸೀರೆ, ಪೆಡಲ್‌ನ ಎರಡು ಪ್ಯಾಂಟು ಒಣಗುತ್ತಿದ್ದವು. ಹೋಗಿ ಪ್ಯಾಂಟಿನ ಪಟ್ಟಿ ತಿರುಗಿಸಿ ನೋಡಿದೆ. ಸೀರೆಯ ಅಂಚು ನೋಡಿದೆ. ಏನೂ ಇರಲಿಲ್ಲ.

"ಇದಕ್ಯಾಕೆ ಗುರುತಿಲ್ಲ?"

"ಮನೆಯವರ ಬಟ್ಟೆಗೆ ಯಾರಾದ್ರೂ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ನಾಲಿಗೆ ಹೊರಗೆ ಬಿಟ್ಟ ಮಾತನ್ನು ನುಂಗಿಕೊಳ್ಳುವ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕಣ್ಣು ಮಾತ್ರ ಒಂದು ಗಳಿಗೆ ಕೆಳಗಿನ ಕಪಾಟಿನ ಕಡೆ ಹೋಗಿ ಬಂತು.

ನಾನು ಅಲ್ಲಿಗೆ ಹೋಗುವ ಮೊದಲೇ ಅವಳು ಕಪಾಟಿಗೆ ಬೆನ್ನು ಕೊಟ್ಟು ಎರಡು ಕೈ ಚಾಚಿ ನಿಂತಳು.

"ಮುಟ್ಬೇಡಿ ಮೇಡಂ. ನನ್ನ ಮಗನ ಜೀವ ಇದೆ ಇದ್ರಲ್ಲಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನೂ ಅವನ ಜೀವಕ್ಕೇ ಓಡಾಡ್ತಿರೋದು ಅಮ್ಮ. ಪಕ್ಕಕ್ಕೆ ಸರೀರಿ."

"ಸಂಜೆ ತನಕ ಬಿಟ್ಬಿಡಿ. ಸಂಜೆ ಬರ್ತಾನೆ. ಆಮೇಲೆ ನನ್ನನ್ನೇ ಎಳ್ಕೊಂಡು ಹೋಗಿ, ಒಂದು ಮಾತಾಡಲ್ಲ."

ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ. ನನ್ನ ತಾಯಿಯ ವಯಸ್ಸಿನವಳು. ಸರಿಸಿದ ಕೈ ನನಗೇ ಅಸಹ್ಯವಾಯಿತು.

ಕಪಾಟಿನೊಳಗೆ ಹಳೇ ದುಪ್ಪಟಿಯಲ್ಲಿ ಕಟ್ಟಿದ ದೊಡ್ಡ ಗಂಟು. ಬಿಚ್ಚಿದೆ. ಕೆಂಪು ಅಂಗಿ. ಅದರ ಕೆಳಗೆ ಕಪ್ಪು ಅಂಗಿ. ಮತ್ತೆ ಕೆಂಪು, ಮತ್ತೆ ಕಪ್ಪು. ಎಲ್ಲಕ್ಕೂ ಜೇಬಿನ ನಡುವೆ ಅಡ್ಡ ಮಡಿಕೆ, ಒಂದಕ್ಕೂ ಕಾಲರಿನಲ್ಲಿ ಗುರುತಿಲ್ಲ.

"ಎರಡು ಗ್ಯಾಂಗಿನ ಬಟ್ಟೇನೂ ಒಂದೇ ಗಂಟಿನಲ್ಲಿ ಕಟ್ಟಿದೀರಲ್ಲಮ್ಮ," ಎಂದರು ದಫೇದಾರರು. "ಬೆರೆತುಹೋದ್ರೆ ಹೊಡೆದಾಡ್ಕೊಂಡು ಸಾಯ್ತಾರೆ."

ನಾನು ಒಂದು ಕೆಂಪು, ಒಂದು ಕಪ್ಪು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಹರಡಿದೆ. ಒಂದೇ ಅಳತೆ. ಇನ್ನೊಂದು ಜೊತೆ ತೆಗೆದೆ. ಎರಡೂ ದೊಗಲೆ, ಭಾರೀ ಹೊಟ್ಟೆಯ ಹುಡುಗನದು. ಮತ್ತೊಂದು ಜೊತೆ, ಎರಡೂ ಕಡ್ಡಿ ಪೈಲ್ವಾನನದು.

ಇಷ್ಟು ದಿನ ಬಿಸಿಲಲ್ಲಿ ತಿರುಗಿ ನಾನು ಎಣಿಸಿದ್ದು ಬರೀ ಅಂಗಿ, ಹುಡುಗರನ್ನಲ್ಲ. ನನ್ನ ನಕ್ಷೆಯ ಒಂದೊಂದು ಕೆಂಪು ಪಿನ್ನಿಗೂ ಒಂದೊಂದು ಕಪ್ಪು ಪಿನ್ನು ಜೋಡಿ ಇತ್ತು, ಎರಡಕ್ಕೂ ಹುಡುಗ ಒಬ್ಬನೇ.

"ಇವರು ಇಲ್ಲೇ ಬಟ್ಟೆ ಬದಲಾಯಿಸ್ತಾರೆ," ಎಂದೆ. "ಮುಂದಿನ ಬಾಗಿಲಲ್ಲಿ ಕೆಂಪು ಬರುತ್ತೆ, ಹಿಂದಿನ ಬಾಗಿಲಲ್ಲಿ ಕಪ್ಪು ಹೋಗುತ್ತೆ. ಈ ಕಡೆ ಅಂಗಡಿಯವರಿಗೆ ಕಪ್ಪಿನವರ ಹೆದರಿಕೆ, ಆ ಕಡೆಯವರಿಗೆ ಕೆಂಪಿನವರ ಹೆದರಿಕೆ. ಕಾಯ್ತೀವಿ ಅಂತ ಎರಡೂ ಕಡೆ ದುಡ್ಡು ಎತ್ತೋದು. ಕಾಯೋರೂ ಇವರೇ, ಕಾಡೋರೂ ಇವರೇ. ಅಲ್ವಾ ಅಮ್ಮ?"

ಅವಳು ನೆಲಕ್ಕೆ ಕುಸಿದು ಕೂತಳು.

"ಮೊದ್ಲು ಆಟ ಅಂದ್ಕೊಂಡೆ ಮೇಡಂ. ಹುಡುಗರು, ಬಟ್ಟೆ ಇಟ್ಟು ಹೋಗ್ತಾರೆ, ಒಗೆದು ಕೊಟ್ಟೆ. ಗೊತ್ತಾಗೋ ಹೊತ್ತಿಗೆ ನನ್ನ ಮಗನೂ ಅದ್ರೊಳಗೇ ಇದ್ದ. ಬಿಟ್ಬಿಡೋ ಅಂತ ದಿನಾ ಅತ್ತೆ. ಬಿಡ್ತೀನಮ್ಮ, ಲೆಕ್ಕದ ಮೇಡಂಗೆ ಎಲ್ಲಾ ಹೇಳಿ ಬಿಡ್ತೀನಿ ಅಂದ."

ನಾನು ಗಂಟಿನ ತಳಕ್ಕೆ ಕೈ ಹಾಕಿದ್ದೆ. ಕೊನೆಯ ಅಂಗಿ ಒಂಟಿಯಾಗಿತ್ತು. ಕಪ್ಪು. ಅದರ ಕೆಂಪು ಜೋಡಿ ಗಂಟಿನಲ್ಲಿರಲಿಲ್ಲ. ಬಿಡಿಸಿ ಹಿಡಿದೆ.

ಎಡತೋಳು ಮೂರು ಬೆರಳಷ್ಟು ಮಡಿಚಿ ಹೊಲಿದಿತ್ತು.

ಅಂಗಿ ನನ್ನ ಕೈಯಿಂದ ಜಾರಿತು. ಬೆಳಿಗ್ಗೆ ಅವನ ಟೀ ಕುಡಿದು ಬಂದಿದ್ದೆ.

"ಇದು ಸ್ಪ್ಯಾನರ್ ಅಂಗಿ," ಎಂದೆ.

"ಹೂಂ. ಅಣ್ಣ ಅಂತ ಆ ಕಡೆ ಕರೆಯೋದೂ ಅವನನ್ನೇ." ಇಸ್ತ್ರಿಯಮ್ಮ ಮೂಗೊರೆಸಿಕೊಂಡಳು. "ಅವನು ಕೆಟ್ಟೋನಲ್ಲ ಮೇಡಂ. ತಾಯಿಲ್ಲದ ಮಗು. ಕೈ ಮುರ್ಕೊಂಡಾಗ ನಾನೇ ತುತ್ತು ಮಾಡಿ ತಿನ್ನಿಸ್ದೋಳು. ಈಗ್ಲೂ ಬಿಡುವಾದ್ರೆ ಇಲ್ಲೇ ಬಂದು ಕೂತು ಬಟ್ಟೆಗೆಲ್ಲ ಗುರುತು ಹಾಕ್ಕೊಡ್ತಾನೆ. ನಿಮ್ಮ ಯೂನಿಫಾರ್ಮಿಗೆ ಹಾಕಿದ್ದೂ ಅವನೇ."

ನನ್ನ ಕತ್ತಿನ ಹಿಂದೆ ಕಾಲರ್ ತಗುಲಿದ ಜಾಗ ಜುಮ್ಮೆಂದಿತು.

"ನಿನ್ನೆ ಅವನೇ ಬಂದು ಹೇಳಿ ಹೋದ. ದೊಡ್ಡಮ್ಮ, ನಿನ್ನ ಮಗ ಪೊಲೀಸರ ಹತ್ರ ಬಾಯಿ ಬಿಡ್ತಿದಾನೆ ಅಂತ ಒಂದು ಅನುಮಾನ. ಒಂದೆರಡು ದಿನ ನಮ್ಮ ಜೊತೆ ಇರ್ಲಿ. ಸುಳ್ಳು ಅಂತ ಆದ್ರೆ ಕೂದಲು ಕೊಂಕದ ಹಾಗೆ ಕಳಿಸ್ತೀನಿ ಅಂದ. ನನ್ನ ಮಗ ಹೊಡೆದ್ರೂ ಬಾಯಿ ಬಿಡಲ್ಲ, ನಂಗೆ ಗೊತ್ತು. ನಿಮ್ಗೆ ಸುದ್ದಿ ಕೊಡೋ ವಿಷಯ ಗೊತ್ತಿರೋದು ಅವನಿಗೆ, ನಂಗೆ, ನಿಮ್ಗೆ. ಮೂರೇ ಜನ." ಅವಳು ತಲೆಯೆತ್ತಿ ನನ್ನ ನೋಡಿದಳು. "ನೀವಂತೂ ಹೇಳೋರಲ್ಲ. ಆ ಒಂದು ಧೈರ್ಯದ ಮೇಲೆ ಉಸಿರು ಹಿಡ್ಕೊಂಡಿದೀನಿ ಮೇಡಂ."

ಬೆನ್ನು ತಿರುಗಿಸಿ ಸ್ಪ್ಯಾನರ್‌ಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಆಫ್.

"ದಫೇದಾರ್ರೇ, ಗ್ಯಾರೇಜಿಗೆ ಓಡಿ. ಬೈಕ್ ತಗೊಳ್ಳಿ. ಬಾಗಿಲು ಹಾಕಿದ್ರೆ ಒಡೀರಿ."

"ಸಾಹೇಬ್ರಿಗೆ ಒಂದು ಮಾತು..."

"ಸಾಹೇಬ್ರಿಗೆ ನಾನು ಹೇಳ್ತೀನಿ. ನೀವು ಓಡಿ."

ಅವರು ಮುಂಬಾಗಿಲು ದಾಟಿದ್ದಷ್ಟೇ. ಹಿಂದಿನಿಂದ ಸೈಕಲ್ ಬೆಲ್ಲಿನ ಶಬ್ದ ಕೇಳಿತು. ಒಂದು ಸಲ, ಆಮೇಲೆ ಇನ್ನೊಂದು ಸಲ.

"ಬಂದ," ಎಂದಳು ಇಸ್ತ್ರಿಯಮ್ಮ. ಎದ್ದ ರಭಸಕ್ಕೆ ಮೇಜು ಅಲುಗಿತು. "ಬಂದ ನೋಡಿ ಮೇಡಂ. ಅವನದೇ ಬೆಲ್ಲು. ನಾನು ಹೇಳ್ಲಿಲ್ವಾ?"

ಅವಳ ಹಿಂದೆಯೇ ಓಡಿದೆ. ನಾನು ಬಂದಾಗ ಮುಚ್ಚಿದ್ದ ಹಿಂಬಾಗಿಲು ಈಗ ಅರೆ ತೆರೆದಿತ್ತು. ಪೆಡಲ್‌ನ ಸೈಕಲ್ ಗೋಡೆಗೆ ಒರಗಿ ನಿಂತಿತ್ತು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸೈಕಲ್ಲಿನ ಕ್ಯಾರಿಯರ್ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಕೆಳಗೆ ಹೊಸ್ತಿಲ ಮೇಲೆ, ಹಿಂದಿನ ಗೂಡಿನಲ್ಲಿರಬೇಕಾದ ಗುರುತು ಹಾಕುವ ಶಾಯಿ ಬಾಟಲಿ ಮುಚ್ಚಳ ತೆರೆದು ಕೂತಿತ್ತು. ನಾವು ಮುಂದೆ ಮಾತಾಡುತ್ತಿದ್ದಾಗ ಯಾರೋ ಒಳಗೆ ಬಂದು ಹೋಗಿದ್ದರು.

ಇಸ್ತ್ರಿಯಮ್ಮ ಪೊಟ್ಟಣ ಬಿಚ್ಚಿದಳು. ಕಪ್ಪು ಅಂಗಿ. ಬಲ ಮೊಣಕೈಗೆ ತೇಪೆ. ಅದನ್ನು ಮೂಗಿಗೆ ಒತ್ತಿಕೊಂಡು ಒಂದು ಸಲ ಉಸಿರೆಳೆದುಕೊಂಡಳು. ಆಮೇಲೆ, ಇಷ್ಟು ವರ್ಷದ ರೂಢಿಯಂತೆ, ಕಾಲರನ್ನು ತಿರುಗಿಸಿ ಒಳಗೆ ನೋಡಿದಳು.

ಗುರುತೇ ಬೇಡದ ಮನೆಯ ಮಗನ ಅಂಗಿಗೆ ಗುರುತು ಬಿದ್ದಿತ್ತು. ಶಾಯಿ ಇನ್ನೂ ಒದ್ದೆಯಾಗಿತ್ತು.

ಎರಡು ಗೆರೆ, ಒಂದು ಚುಕ್ಕೆ.

ಅವಳು ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣೆತ್ತಿ ನನ್ನ ಕಾಲರನ್ನು ನೋಡಿದಳು.

"ಯಾರಿಗೆ ಹೇಳಿದ್ರಿ ಮೇಡಂ?"